ಸತ್ತವರ ಸಹಿ, ಇದ್ದವರ ತಕರಾರು

ವೈಕುಂಠ ಸಮಾರಾಧನೆಯ ಎಲೆ ಎತ್ತಿ, ದೂರದ ನೆಂಟರು ಬಸ್ಸು ಹತ್ತಿದ ಮೇಲೆ ಎಷ್ಟೋ ಮನೆಗಳಲ್ಲಿ ಒಂದು ಕಾಗದ ಹೊರಬರುತ್ತದೆ. ಒಮ್ಮೊಮ್ಮೆ ಅದು ಬೀರುವಿನಲ್ಲಿರುತ್ತದೆ, ಒಮ್ಮೊಮ್ಮೆ ವಕೀಲರ ಫೈಲಿನಲ್ಲಿ. ಯಜಮಾನರು ತೀರಿಕೊಂಡು ಇಪ್ಪತ್ತು ವರ್ಷವಾಗಿ, ಊರ ಪಕ್ಕ ಲೇಔಟ್ ಬಂದು ಜಮೀನಿಗೆ ಬೆಲೆ ಏರಿದ ವರ್ಷವೇ ಅವರ ವಿಲ್ ಪ್ರತ್ಯಕ್ಷವಾಗುವುದೂ ಉಂಟು. ‘ಅಪ್ಪ ವಿಲ್ ಮಾಡಿಟ್ಟಿದ್ದಾರೆ’ ಎಂದು ಒಬ್ಬರು ಹೇಳಿದ ಕೂಡಲೇ ಇನ್ನೊಬ್ಬರಿಂದ ಬರುವ ಉತ್ತರ ‘ಅದು ಅಪ್ಪನ ಸಹಿಯೇ ಅಲ್ಲ.’

ಹೆಚ್ಚಿನ ಕೇಸುಗಳು ದಾರಿ ತಪ್ಪುವುದು ಈ ಉತ್ತರದಿಂದಲೇ ಎಂದು ನನಗೆ ಅನ್ನಿಸುತ್ತದೆ. ಸಹಿ ಅಸಲಿಯಾಗಿದ್ದೂ ವಿಲ್ ಬಿದ್ದುಹೋಗಬಹುದು. ಸಹಿ ನಡುಗಿದ್ದೂ ವಿಲ್ ನಿಲ್ಲಬಹುದು. ಸುಳ್ಳು ಸಹಿ ಎಂಬ ಒಂದೇ ಮಾತಿಗೆ ಜೋತುಬಿದ್ದವರು ಬೆರಳಚ್ಚು, ಕೈಬರಹ ತಜ್ಞರ ವರದಿಗೆ ವರ್ಷಗಟ್ಟಲೆ ಕಾದು, ಕೊನೆಗೆ ‘ಹೋಲಿಕೆಗೆ ಅದೇ ಕಾಲದ ಸಹಿ ಸಾಲದು’ ಎಂಬ ಒಂದು ಸಾಲು ಓದಿ ಸುಮ್ಮನಾಗುತ್ತಾರೆ. ಆ ಹೊತ್ತಿಗೆ, ಕೇಳಬೇಕಿದ್ದ ಪ್ರಶ್ನೆಗಳಿಗೆ ಉತ್ತರಿಸಬೇಕಿದ್ದ ಸಾಕ್ಷಿ ಕಟಕಟೆ ಇಳಿದು ಹೋಗಿರುತ್ತಾನೆ.

ಮೊದಲು ಜಗಳ ನಡೆಯುವ ಜಾಗ ಯಾವುದೆಂದು ನೋಡೋಣ. ವಿಲ್ ಎಂದರೆ ಪ್ರೊಬೇಟ್ (ವಿಲ್ ಅಸಲಿಯೆಂದು ನ್ಯಾಯಾಲಯ ಕೊಡುವ ದೃಢೀಕರಣ), ಪ್ರೊಬೇಟ್ ಇಲ್ಲದೆ ವಿಲ್‌ಗೆ ಬೆಲೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕರ್ನಾಟಕದ ಹಿಂದೂ ಕುಟುಂಬಗಳ ಮಟ್ಟಿಗೆ ಇದು ಎಂದೂ ನಿಜವಾಗಿರಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಂ ಪ್ರೊಬೇಟನ್ನು ಕಡ್ಡಾಯ ಮಾಡಿದ್ದು ಹಳೆಯ ಬಂಗಾಳ ಪ್ರಾಂತ್ಯದಲ್ಲಿ ಹಾಗೂ ಬೊಂಬಾಯಿ, ಮದರಾಸು ನಗರಗಳಲ್ಲಿ ಬರೆದ, ಇಲ್ಲವೇ ಅಲ್ಲಿನ ಸ್ಥಿರಾಸ್ತಿಗೆ ಸಂಬಂಧಿಸಿದ ಹಿಂದೂ ವಿಲ್‌ಗಳಿಗೆ. ಮೈಸೂರು ಸಂಸ್ಥಾನ ಅದರ ಲೆಕ್ಕಕ್ಕೇ ಬರಲಿಲ್ಲ. ಭಾರತೀಯ ಕ್ರೈಸ್ತರಿಗೆ 2002ರ ತಿದ್ದುಪಡಿ ವಿನಾಯಿತಿ ಕೊಟ್ಟಿತು. ಕೊನೆಗೆ 2025ರ ಡಿಸೆಂಬರಿನಲ್ಲಿ ಸಂಸತ್ತು 213ನೇ ಕಲಮನ್ನೇ ಕಾಯ್ದೆಯಿಂದ ತೆಗೆದುಹಾಕಿತು. ಈಗ ಪ್ರೊಬೇಟ್ ಬೇಕೆಂದವರು ಕೇಳಿ ಪಡೆಯಬಹುದು. ಬ್ಯಾಂಕೋ ಹೌಸಿಂಗ್ ಸೊಸೈಟಿಯೋ ಹಟ ಹಿಡಿದಾಗ, ಎಲ್ಲರ ಬಾಯಿ ಒಮ್ಮೆಲೇ ಮುಚ್ಚಿಸಬೇಕೆಂದಾಗ ಕೇಳುತ್ತಾರೆ ಕೂಡ.

ಹಾಗಾಗಿ ನಮ್ಮ ಕಡೆ ವಿಲ್‌ನ ಕಾಳಗ ಎರಡು ಅಂಗಳದಲ್ಲಿ ನಡೆಯುತ್ತದೆ. ವಿಲ್‌ನಲ್ಲಿ ಅದರ ಜಾರಿಗೆಂದು ಹೆಸರಿಸಿದ ಎಕ್ಸಿಕ್ಯೂಟರ್ ಜಿಲ್ಲಾ ನ್ಯಾಯಾಲಯಕ್ಕೆ, ಬೆಂಗಳೂರಿನಲ್ಲಾದರೆ ಸಿಟಿ ಸಿವಿಲ್ ಕೋರ್ಟಿಗೆ, ಪ್ರೊಬೇಟ್ ಅರ್ಜಿ ಹಾಕುವುದು ಒಂದು. ಯಾರಾದರೂ ತಕರಾರು ಎತ್ತಿದರೆ ಅದೇ ಅರ್ಜಿ ದಾವೆಯ ರೂಪ ಪಡೆಯುತ್ತದೆ. ಆದರೆ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು. ಅಕ್ಕತಂಗಿಯರು ಪಾಲುದಾವೆ ಹೂಡುತ್ತಾರೆ. ಅಣ್ಣ ಜವಾಬಿನಲ್ಲಿ ‘ಪಾಲು ಕೇಳಲು ಏನೂ ಉಳಿದಿಲ್ಲ, ಅಪ್ಪ ನನಗೆ ವಿಲ್ ಬರೆದಿದ್ದಾರೆ’ ಎಂದು ಕಾಗದ ಹಾಜರುಪಡಿಸುತ್ತಾನೆ. ಅಲ್ಲಿಗೆ ಅದನ್ನು ಸಾಬೀತುಪಡಿಸುವ ಹೊರೆ ಅಣ್ಣನ ಹೆಗಲೇರಿತು.

ಈ ಎರಡು ಅಂಗಳಗಳಿಗೆ ಒಂದು ದೊಡ್ಡ ವ್ಯತ್ಯಾಸವಿದೆ. ಪ್ರೊಬೇಟ್ ನ್ಯಾಯಾಲಯ ನೋಡುವುದು ಒಂದನ್ನೇ: ಇದು ಆ ವ್ಯಕ್ತಿ ಸ್ವಸ್ಥ ಮನಸ್ಸಿನಿಂದ, ಕ್ರಮಬದ್ಧವಾಗಿ ಬರೆದ ಕೊನೆಯ ವಿಲ್ ಹೌದೇ? ಆಸ್ತಿ ಅವರದೇ ಆಗಿತ್ತೇ ಎಂದು ಅದು ಕೇಳುವುದಿಲ್ಲ. ಸುಪ್ರೀಂ ಕೋರ್ಟ್ 1950ರ ದಶಕದಿಂದಲೂ ಇದನ್ನು ಹೇಳುತ್ತ ಬಂದಿದೆ. ಪ್ರೊಬೇಟ್ ಸಿಕ್ಕಿತೆಂದರೆ ಸೈಟು ಸಿಕ್ಕಿತೆಂದಲ್ಲ. ಇದು ತಿಳಿಯದೆ ಪ್ರೊಬೇಟ್ ಕೇಸಿನಲ್ಲಿ ‘ಇದು ತಾತನ ಆಸ್ತಿ’ ಎಂದು ದಾಖಲೆಗಳ ಗಂಟು ತಂದು ಸುರಿಯುವವರು ಉಂಟು. ಅವರ ವಾದ ಸರಿಯಿದ್ದರೂ ಬಾಗಿಲು ತಪ್ಪು.

ಪ್ರೊಬೇಟ್ ಕೋರ್ಟಿನಲ್ಲಿ ತಕರಾರು ಹೇಳಲೂ ಅರ್ಹತೆ ಬೇಕು. ವಿಲ್ ಬಿದ್ದರೆ ತನಗೆ ಏನಾದರೂ ಬರುತ್ತದೆ ಎಂದು ತೋರಿಸಲಾರದವರ ಕೇವಿಯಟ್, ಅಂದರೆ ತಕರಾರು ಅರ್ಜಿ, ನಿಲ್ಲುವುದಿಲ್ಲ. ಕೋಲ್ಕತ್ತದ ಪ್ರಿಯಂವದಾ ಬಿರ್ಲಾ ಅವರ ವಿಲ್ ಇದಕ್ಕೆ ದೇಶದ ಅತಿ ದೊಡ್ಡ ಉದಾಹರಣೆ. ಅವರು 2004ರ ಜುಲೈನಲ್ಲಿ ತೀರಿಕೊಂಡಾಗ, 1999ರಲ್ಲಿ ಬರೆದ ವಿಲ್ ಪ್ರಕಾರ ಸಾವಿರಾರು ಕೋಟಿಯ ಬಿರ್ಲಾ ಸಾಮ್ರಾಜ್ಯದ ಒಂದು ಭಾಗ ಲೆಕ್ಕಪರಿಶೋಧಕ ರಾಜೇಂದ್ರ ಸಿಂಗ್ ಲೋಧಾ ಅವರಿಗೆ ಹೋಗಬೇಕಿತ್ತು. ಬಿರ್ಲಾ ಮನೆತನದ ಹಿರಿಯರು ಒಟ್ಟಾಗಿ ತಕರಾರು ಎತ್ತಿದರು. ಮನೆತನದ ಹೆಸರು ಒಂದೇ ಎಂಬುದು ಹಕ್ಕಾಗುವುದಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಲೋಧಾ ತೀರಿಕೊಂಡರು, ಜಗಳ ಮುಂದಿನ ತಲೆಮಾರಿನ ಕೈಗೆ ಹೋಯಿತು.

ಇನ್ನು ಕಾನೂನು ಕೇಳುವ ಕನಿಷ್ಠ ಏನು? ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಚಿಕ್ಕದು. ಬರೆಸಿದವರ ಸಹಿ ಇಲ್ಲವೇ ಹೆಬ್ಬೆಟ್ಟು ಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆಸಿದವರು ಸಹಿ ಹಾಕಿದ್ದನ್ನು ಸಾಕ್ಷಿಗಳು ಕಣ್ಣಾರೆ ಕಂಡಿರಬೇಕು ಅಥವಾ ‘ಇದು ನನ್ನ ಸಹಿ’ ಎಂದು ಬರೆಸಿದವರ ಬಾಯಿಂದ ಕೇಳಿರಬೇಕು. ಆಮೇಲೆ ಪ್ರತಿಯೊಬ್ಬ ಸಾಕ್ಷಿಯೂ ಬರೆಸಿದವರ ಎದುರಿಗೇ ಸಹಿ ಮಾಡಿರಬೇಕು. ಇಬ್ಬರೂ ಒಂದೇ ಹೊತ್ತಿಗೆ ಇರಬೇಕೆಂದಿಲ್ಲ. ವಿಲ್‌ನಲ್ಲಿ ಏನು ಬರೆದಿದೆ ಎಂದು ಸಾಕ್ಷಿಗೆ ಗೊತ್ತಿರಬೇಕೆಂದೂ ಇಲ್ಲ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು.

ಇಷ್ಟು ಸುಲಭವಾದ ಕಲಂ ಕೋರ್ಟಿನಲ್ಲಿ ಎಷ್ಟು ಕಷ್ಟವಾಗುತ್ತದೆ ಎಂಬುದನ್ನು ನೋಡಬೇಕಾದರೆ ಸಾಕ್ಷಿಯ ಪಾಟೀಸವಾಲು ಕೇಳಬೇಕು. ಸಾಕ್ಷಿಗಳಲ್ಲಿ ಒಬ್ಬನಾದರೂ ಬದುಕಿದ್ದರೆ ಅವನನ್ನು ಕರೆಸಲೇಬೇಕು. ಇದು ಹಳೆಯ ಸಾಕ್ಷ್ಯ ಕಾಯ್ದೆಯ 68ನೇ ಕಲಂ, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 67. ಬಂದ ಸಾಕ್ಷಿ ತನ್ನ ಸಹಿ ಗುರುತಿಸಿದರೆ ಸಾಲದು. ಇನ್ನೊಬ್ಬ ಸಾಕ್ಷಿಯೂ ಕ್ರಮವಾಗಿ ಸಹಿ ಮಾಡಿದ ಎಂಬುದನ್ನೂ ಅವನೇ ಹೇಳಬೇಕು, ಇಲ್ಲವೇ ಆ ಇನ್ನೊಬ್ಬನನ್ನೂ ಕರೆಸಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಖಚಿತಪಡಿಸಿತು. ‘ನಾನು ಹೋಗುವ ಹೊತ್ತಿಗೆ ಯಜಮಾನರು ಸಹಿ ಹಾಕಿ ಆಗಿತ್ತು, ಅವರ ಮಗ ತೋರಿಸಿದ ಕಡೆ ನಾನೂ ಹಾಕಿದೆ’ ಎಂದು ಊರ ಹಿರಿಯರೊಬ್ಬರು ಪ್ರಾಮಾಣಿಕವಾಗಿ ಹೇಳಿಬಿಟ್ಟರೆ ಸಾಕು, ಅಸಲಿ ಸಹಿಯ ಅಸಲಿ ವಿಲ್ ಅಲ್ಲೇ ಕುಸಿಯುತ್ತದೆ. ಪತ್ರ ಬರಹಗಾರನ ಬಿಕ್ಕಲಂ ಇದೆಯಲ್ಲ, ಅವನೂ ಸಾಕ್ಷಿಯಲ್ಲವೇ ಎಂದು ಕೇಳುವವರಿದ್ದಾರೆ. ಬರೆದವನಾಗಿ ಸಹಿ ಹಾಕಿದವನು ತಾನಾಗಿಯೇ ಸಾಕ್ಷಿಯಾಗುವುದಿಲ್ಲ. ಸಾಕ್ಷಿಯಾಗುವ ಉದ್ದೇಶದಿಂದಲೇ ಹಾಕಿದ್ದೆಂದು ತೋರಿಸಬೇಕು. ಉಪನೋಂದಣಾಧಿಕಾರಿಯ ಸಹಿಗೂ ಇದೇ ಮಾತು. ಇನ್ನು, ಕಾಗದ ಮೂವತ್ತು ವರ್ಷ ಹಳೆಯದಾದರೆ ಅಸಲಿ ಎಂದು ಊಹಿಸುವ ನಿಯಮ ಬೇರೆ ಪತ್ರಗಳಿಗೆ ಇದೆ, ವಿಲ್‌ಗೆ ಇಲ್ಲ.

ಆಸ್ತಿ ಪಡೆಯುವವನೇ ಸಾಕ್ಷಿಯಾದರೆ? ಕ್ರೈಸ್ತರು, ಪಾರ್ಸಿಗಳ ವಿಲ್‌ನಲ್ಲಾದರೆ ಅವನಿಗೆ ಬಿಟ್ಟದ್ದು ರದ್ದಾಗುತ್ತದೆ, ಅವನ ಹೆಂಡತಿಗೆ ಬಿಟ್ಟಿದ್ದರೂ ಹಾಗೆಯೇ. ಹಿಂದೂ ವಿಲ್‌ಗಳಿಗೆ ಉತ್ತರಾಧಿಕಾರ ಕಾಯ್ದೆಯ ಈ 67ನೇ ಕಲಂ ಅನ್ವಯಿಸುವುದಿಲ್ಲ. ಇದು ಹಲವು ವಕೀಲರಿಗೂ ಥಟ್ಟನೆ ನೆನಪಾಗದ ಸಂಗತಿ. ಆದರೆ ಅನುಮಾನದ ಬೀಜ ಅಲ್ಲೇ ಬಿದ್ದಿರುತ್ತದೆ.

ಅನುಮಾನದ ಈ ಶಾಸ್ತ್ರವನ್ನು ಇಡೀ ದೇಶಕ್ಕೆ ಕಲಿಸಿದ್ದು ನಮ್ಮ ಮೈಸೂರಿನ ಒಂದು ಪ್ರಕರಣ. 1945ರಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬರು ಬರೆದರೆನ್ನಲಾದ ವಿಲ್ ಅದು. ಎಕ್ಸಿಕ್ಯೂಟರ್ ಆಗಿ ಅದನ್ನು ಮುಂದಿಟ್ಟವರೇ ಅದರ ತಯಾರಿಯಲ್ಲೂ ಮುಂದೆ ನಿಂತಿದ್ದರು. ಲಾಭದ ದೊಡ್ಡ ಪಾಲು ಅವರ ಕಡೆಗೇ ಹರಿಯುತ್ತಿತ್ತು. ಕೆಳಗಿನ ಕೋರ್ಟು ವಿಲ್ ನಿಜವೆಂದಿತು, ಮೈಸೂರು ಹೈಕೋರ್ಟ್ ಅಲ್ಲವೆಂದಿತು. 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದರು. ವೆಂಕಟಾಚಲ ಅಯ್ಯಂಗಾರ್ ಪ್ರಕರಣ ಎಂದು ವಕೀಲರು ಕರೆಯುವ ಈ ತೀರ್ಪು ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಇಂದಿಗೂ ವಿಲ್‌ನ ಪ್ರತಿ ಮೊಕದ್ದಮೆಯಲ್ಲಿ ಓದಲ್ಪಡುತ್ತದೆ.

ಅದು ಹೇಳಿದ್ದು ಸರಳ. ಬೇರೆ ಯಾವುದೇ ಪತ್ರವಾದರೆ ಬರೆದವರು ಬಂದು ಹೌದು, ಅಲ್ಲ ಎನ್ನಬಹುದು. ವಿಲ್ ಬಾಯಿ ತೆರೆಯುವುದು ಬರೆದವರ ಬಾಯಿ ಮುಚ್ಚಿದ ಮೇಲೆ. ಆದ್ದರಿಂದ ಅದರ ಸುತ್ತ ಅನುಮಾನ ಹುಟ್ಟಿಸುವ ಸನ್ನಿವೇಶಗಳಿದ್ದರೆ ಅವನ್ನು ಒಂದೊಂದಾಗಿ ನಿವಾರಿಸಿ ನ್ಯಾಯಾಲಯದ ಅಂತಃಸಾಕ್ಷಿಗೆ ಸಮಾಧಾನ ತರುವ ಹೊಣೆ ವಿಲ್ ಮುಂದಿಟ್ಟವರದು. ಎದುರಾಳಿ ಬಾಯಿ ಬಿಡದಿದ್ದರೂ ಈ ಹೊಣೆ ತಪ್ಪುವುದಿಲ್ಲ. ಮೂಲದಲ್ಲಿ ಇದು 1838ರಲ್ಲಿ ಪ್ರಿವಿ ಕೌನ್ಸಿಲ್ ಆಡಿದ ಮಾತು. ನಮ್ಮ ಕೋರ್ಟುಗಳು ಅದನ್ನು ನಮ್ಮ ಮನೆಗಳಿಗೆ ಒಗ್ಗಿಸಿದವು.

ಹಾಗಾದರೆ ಅನುಮಾನ ಹುಟ್ಟಿಸುವುದು ಯಾವುದು? ತೀರ್ಪುಗಳನ್ನು ಓದುತ್ತ ಹೋದರೆ ಒಂದು ಮನೆಯ ಒಳಗೇ ಕುಳಿತಂತೆ ಭಾಸವಾಗುತ್ತದೆ. ಆಸ್ಪತ್ರೆಯಿಂದ ಮನೆಗೆ ತಂದ ಮೂರೇ ದಿನಕ್ಕೆ ಬರೆದ ವಿಲ್. ಕನ್ನಡ ಬಿಟ್ಟು ಬೇರೆ ಬಾರದ ಅಜ್ಜಿಯ ಇಂಗ್ಲಿಷ್ ವಿಲ್, ಓದಿ ಹೇಳಿದವರು ಯಾರೆಂದು ಎಲ್ಲೂ ಇಲ್ಲ. ಜೀವಮಾನವಿಡೀ ಸಹಿ ಮಾಡಿದವರ ಹೆಬ್ಬೆಟ್ಟು. ಕೊನೆಯ ಪುಟದಲ್ಲಿ ಸಹಿಯ ಜಾಗಕ್ಕೆ ಹೊಂದಿಸಲು ಒತ್ತೊತ್ತಾಗಿ ಇಳಿದ ಸಾಲುಗಳು. ಖಾಲಿ ಹಾಳೆಗೆ ಮೊದಲೇ ಸಹಿ ತೆಗೆದುಕೊಂಡಿದ್ದರೆ ಹೀಗಾಗುತ್ತದೆ. ತಿದ್ದಿದ ಸರ್ವೆ ನಂಬರು, ಪಕ್ಕದಲ್ಲಿ ಚಿಕ್ಕ ಸಹಿ ಇಲ್ಲ. ವರ್ಷಗಟ್ಟಲೆ ಯಾರಿಗೂ ಹೇಳದೆ, ಪಾಲುದಾವೆಯ ನೋಟಿಸು ಬಂದ ಮೇಲೆ ಹೊರತೆಗೆದ ಕಾಗದ. ಕರ್ನಾಟಕದ್ದೇ ಆದ ಶಿವಕುಮಾರ್ ಮತ್ತು ಶರಣಬಸಪ್ಪ ನಡುವಿನ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿಯವರೆಗಿನ ತತ್ವಗಳನ್ನೆಲ್ಲ ಮತ್ತೆ ಒಂದೆಡೆ ಪೋಣಿಸಿ, ವಿಲ್ ತಿರಸ್ಕರಿಸಿದ್ದ ನಮ್ಮ ಹೈಕೋರ್ಟಿನ ನಿಲುವನ್ನು ಒಪ್ಪಿತು. ಈ ಸನ್ನಿವೇಶಗಳಲ್ಲಿ ಯಾವುದೋ ಒಂದರಿಂದಲೇ ವಿಲ್ ಬೀಳಬೇಕೆಂದಿಲ್ಲ. ನಾಲ್ಕು ಸೇರಿದಾಗ ನ್ಯಾಯಾಧೀಶರ ಹುಬ್ಬು ಏರುತ್ತದೆ.

ಅದೇ, ಮೋಸ, ಬಲವಂತ, ಒತ್ತಡ ಎಂದು ಆರೋಪಿಸಿದರೆ ಲೆಕ್ಕ ತಿರುಗುತ್ತದೆ. ಅದನ್ನು ಸಾಬೀತುಪಡಿಸುವ ಹೊರೆ ಆರೋಪಿಸಿದವರದು. ಯಾರು, ಯಾವಾಗ, ಹೇಗೆ ಎಂಬ ವಿವರಗಳು ದಾವೆಯ ಪತ್ರದಲ್ಲೇ ಇರಬೇಕು. ‘ಅಣ್ಣ ಅಪ್ಪನ ತಲೆ ಕೆಡಿಸಿದ’ ಎಂಬುದು ಮನೆಯಲ್ಲಿ ಆಡಲು ಸರಿ. ಹತ್ತಿರವಿದ್ದು ನೋಡಿಕೊಂಡ ಮಗ ಮನಸ್ಸು ಗೆದ್ದರೆ ಕಾನೂನು ಅದನ್ನು ಒತ್ತಡವೆನ್ನುವುದಿಲ್ಲ. ಊಟ, ಔಷಧಿ, ಫೋನು ಎಲ್ಲವನ್ನೂ ತನ್ನ ಕೈಯಲ್ಲಿಟ್ಟುಕೊಂಡು ಬೇಡವೆನ್ನುವ ಶಕ್ತಿಯನ್ನೇ ಕಸಿದಿದ್ದರೆ ಎನ್ನುತ್ತದೆ. ಹಾಗಾಗಿ ಅನುಮಾನದ ಸನ್ನಿವೇಶಗಳಿಂದ ಗೆಲ್ಲಬಹುದಾದ ಕೇಸನ್ನು ಮೋಸದ ಆರೋಪಕ್ಕೆ ಎಳೆದು, ಹೊರೆಯನ್ನು ತಾವೇ ಹೊತ್ತುಕೊಂಡು ಸೋಲುವುದು ಜಾಣತನವಲ್ಲ.

ನೋಂದಣಿಯ ಬಗ್ಗೆ ಇರುವಷ್ಟು ಭ್ರಮೆ ಇನ್ನಾವುದರ ಬಗ್ಗೆಯೂ ಇಲ್ಲ. 1908ರ ನೋಂದಣಿ ಕಾಯ್ದೆಯ 18ನೇ ಕಲಂ ಪ್ರಕಾರ ವಿಲ್ ನೋಂದಾಯಿಸುವುದು ಐಚ್ಛಿಕ. ನೋಂದಾಯಿತ ವಿಲ್ ಅನ್ನು ಆಮೇಲೆ ಬಿಳಿ ಹಾಳೆಯಲ್ಲಿ ಬರೆದ, ನೋಂದಾಯಿಸದ ವಿಲ್ ರದ್ದು ಮಾಡಬಲ್ಲದು. ನೋಂದಣಿಯಾಗಿದೆ ಎಂದಮಾತ್ರಕ್ಕೆ ಅನುಮಾನ ಕರಗುವುದಿಲ್ಲ ಎಂದು 1960ರ ದಶಕದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ 2025ರ ಜುಲೈನಲ್ಲಿ ತೆಲಂಗಾಣದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ನೋಂದಾಯಿತ ವಿಲ್ ಅಸಲಿ ಎಂಬ ಊಹೆ ಇರುತ್ತದೆ, ಅಲ್ಲವೆನ್ನುವವರು ತೋರಿಸಲಿ ಎಂಬ ಧಾಟಿಯಲ್ಲಿ ಮಾತಾಡಿದೆ. ಎರಡೂ ಮಾತು ಒಟ್ಟಿಗೆ ನಿಲ್ಲಬಲ್ಲವು ಎಂದು ನನ್ನ ಎಣಿಕೆ: ನೋಂದಣಿ ಸಹಿಯ ಜಗಳವನ್ನು ಕಡಿಮೆ ಮಾಡುತ್ತದೆ, ಮನಸ್ಸಿನ ಸ್ವಾತಂತ್ರ್ಯದ ಜಗಳವನ್ನಲ್ಲ.

ಮನಸ್ಸಿನ ಸ್ವಾಸ್ಥ್ಯದ ಮಾತಿಗೆ ಬಂದರೆ, 1870ರ ಒಂದು ಇಂಗ್ಲಿಷ್ ತೀರ್ಪು ಇನ್ನೂ ದಾರಿ ತೋರಿಸುತ್ತಿದೆ. ಜಾನ್ ಬ್ಯಾಂಕ್ಸ್ ಎಂಬಾತನಿಗೆ ಎಂದೋ ಸತ್ತವನೊಬ್ಬ ತನ್ನನ್ನು ಬೆನ್ನಟ್ಟುತ್ತಿದ್ದಾನೆ, ದೆವ್ವಗಳು ಕಾಡುತ್ತಿವೆ ಎಂಬ ಭ್ರಮೆ ಇತ್ತು. ಆದರೂ ಅವನ ವಿಲ್ ನಿಂತಿತು. ತನ್ನ ಆಸ್ತಿ ಏನು, ತನ್ನನ್ನು ನೆಚ್ಚಿದವರು ಯಾರು, ತಾನು ಮಾಡುತ್ತಿರುವುದೇನು ಎಂಬ ಅರಿವಿಗೆ ಆ ಭ್ರಮೆ ಅಡ್ಡ ಬಂದಿರಲಿಲ್ಲ. ನಮ್ಮ ಉತ್ತರಾಧಿಕಾರ ಕಾಯ್ದೆಯ 59ನೇ ಕಲಮೂ ಇದೇ ಹಾದಿಯದು. ಮರೆವಿನ ಕಾಯಿಲೆ ಇತ್ತೆಂದು ತೋರಿಸಿದರೆ ಕೆಲಸ ಮುಗಿಯಲಿಲ್ಲ. ಬರೆದ ಆ ಗಳಿಗೆಯಲ್ಲಿ ಅರಿವಿತ್ತೇ ಎಂಬುದು ಪ್ರಶ್ನೆ. ಹಾಗೆಯೇ, ವಿಲ್ ಹಿಂಬದಿಗೆ ಅಂಟಿಸಿದ ಎರಡು ಸಾಲಿನ ವೈದ್ಯರ ಸರ್ಟಿಫಿಕೇಟಿನಿಂದಲೂ ಕೆಲಸ ಮುಗಿಯುವುದಿಲ್ಲ. ಅದಕ್ಕಿಂತ ಆ ವಾರದ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ನರ್ಸ್ ಬರೆದ ಟಿಪ್ಪಣಿ ಹೆಚ್ಚು ಮಾತಾಡುತ್ತದೆ.

‘ಇದು ಅನ್ಯಾಯದ ವಿಲ್’ ಎಂಬ ವಾದಕ್ಕೆ ಭಾರತದ ಕೋರ್ಟುಗಳಲ್ಲಿ ಹೆಚ್ಚು ಜಾಗವಿಲ್ಲ. ವಾರಸುದಾರರನ್ನು ಸಹಜ ಕ್ರಮದಿಂದ ತಪ್ಪಿಸುವುದೇ ವಿಲ್‌ನ ಉದ್ದೇಶ; ಅದನ್ನೇ ಅನುಮಾನವೆಂದರೆ ಯಾವ ವಿಲ್ ಉಳಿದೀತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಕೇಳಿದೆ. ಸಮುದಾಯದ ಹೊರಗೆ ಮದುವೆಯಾದಳೆಂದು ಮಗಳೊಬ್ಬಳನ್ನು ಹೊರಗಿಟ್ಟ ಕೇರಳದ ವಿಲ್ಲೊಂದನ್ನು 2025ರ ಡಿಸೆಂಬರಿನಲ್ಲಿ ಅದು ಎತ್ತಿಹಿಡಿಯಿತು. ಓದಿದವರಿಗೆ ಹೊಟ್ಟೆ ಉರಿಯುವುದು ಸಹಜ. ಆದರೆ ಅದೇ ವರ್ಷದ ಜುಲೈನಲ್ಲಿ, ಜೊತೆಗೇ ಬಾಳಿದ ಹೆಂಡತಿಯ ಹೆಸರನ್ನೂ ಎತ್ತದೆ ಜಮೀನನ್ನು ಸಂಬಂಧಿಕನಿಗೆ ಬರೆದ ಪಂಜಾಬಿನ ವಿಲ್ ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ. ಹೊರಗಿಡುವುದು ಬರೆದವರ ಹಕ್ಕು. ಇದ್ದವರನ್ನು ಇಲ್ಲವೇ ಇಲ್ಲವೆಂಬಂತೆ ಬರೆದಿದ್ದರೆ, ಬರೆಸಿದ ಕೈ ಬೇರೆಯದಿರಬಹುದು ಎಂಬ ಪ್ರಶ್ನೆ ಏಳುತ್ತದೆ. ಇಂಗ್ಲೆಂಡಿನಲ್ಲಿ 1975ರ ಕಾಯ್ದೆಯ ಆಸರೆಯಲ್ಲಿ, ಸಾಕಷ್ಟು ಬಿಟ್ಟುಹೋಗಿಲ್ಲ ಎಂದು ಅವಲಂಬಿತರು ಕೇಳಬಹುದು. ನಮ್ಮಲ್ಲಿ ಅದಕ್ಕೆ ಸ್ವಲ್ಪ ಹತ್ತಿರದ್ದೆಂದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 22ನೇ ಕಲಂ: ವಿಲ್‌ನಲ್ಲಿ ಏನೂ ಸಿಗದ ವಿಧವೆ, ಮದುವೆಯಾಗದ ಮಗಳು, ಅಪ್ರಾಪ್ತ ಮಗ, ವಯಸ್ಸಾದ ತಂದೆತಾಯಿ ಆ ಆಸ್ತಿಯಿಂದಲೇ ಜೀವನಾಂಶ ಕೇಳಬಹುದು. ವಿಲ್ ನಿಂತ ಮೇಲೂ ಉಳಿಯುವ ಹಕ್ಕು ಇದು, ಕೇಳುವವರು ಕಡಿಮೆ.

ಕರ್ನಾಟಕದ ಹೆಣ್ಣುಮಕ್ಕಳಿಗೆ ನಿಜವಾದ ಆಯುಧ ಇನ್ನೊಂದಿದೆ. ‘ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಕೊಡಬೇಕಾದ್ದನ್ನು ಕೊಟ್ಟಾಗಿದೆ’ ಎಂಬ ಸಾಲು ನಮ್ಮ ವಿಲ್‌ಗಳಲ್ಲಿ ಅಚ್ಚಾದ ಫಾರಂನಂತೆ ಬರುತ್ತದೆ. 1994ರಲ್ಲಿ ರಾಜ್ಯ, 2005ರಲ್ಲಿ ಕೇಂದ್ರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟ ಮೇಲೆ ಆ ಹಕ್ಕನ್ನು ಬಳಸಿ ದಾಟಲು ವಿಲ್ ಒಂದು ಓಣಿಯಾಗಿದೆ ಎಂದೇ ನನಗೆ ಕಾಣುತ್ತದೆ. ಆದರೆ ತಂದೆ ವಿಲ್ ಬರೆಯಬಹುದಾದದ್ದು ತನ್ನ ಸ್ವಯಾರ್ಜಿತಕ್ಕೆ ಮತ್ತು ಪಿತ್ರಾರ್ಜಿತದಲ್ಲಿ ತನ್ನ ಪಾಲಿಗೆ ಮಾತ್ರ. 2020ರ ವಿನೀತಾ ಶರ್ಮಾ ತೀರ್ಪಿನ ನಂತರ, 2005ರಲ್ಲಿ ತಂದೆ ಬದುಕಿರಲಿಲ್ಲ ಎಂಬ ಸಬೂಬೂ ನಡೆಯುವುದಿಲ್ಲ. ಆದ್ದರಿಂದ ಸಹಿ ಯಾರದು ಎಂದು ಬಡಿದಾಡುವ ಮೊದಲು ಆಸ್ತಿ ಯಾರದು ಎಂದು ಹಳೆಯ ಪಹಣಿ, ಪಾಲುಪಟ್ಟಿ, ಕ್ರಯಪತ್ರ ತೆಗೆಸಿ ನೋಡಬೇಕು. ವಿಲ್ ಅಸಲಿಯೆಂದು ಒಪ್ಪಿಕೊಂಡೇ ಅರ್ಧಕ್ಕಿಂತ ಹೆಚ್ಚು ಗೆದ್ದುಬರಬಹುದು. ಇದಕ್ಕೆ ಪಾಲುದಾವೆಯೇ ಸರಿಯಾದ ಅಂಗಳ.

ಗೇಣಿ ಜಮೀನಿನದು ಬೇರೆಯೇ ಕಥೆ. ಉಳುವವನೇ ಒಡೆಯನೆಂದು ಸಿಕ್ಕ ಭೂಮಿಯನ್ನು ಪರಭಾರೆ ನಿಷೇಧದ ಹದಿನೈದು ವರ್ಷದೊಳಗೆ ಕುಟುಂಬದ ಹೊರಗಿನವರಿಗೆ ವಿಲ್ ಮೂಲಕ ಬಿಟ್ಟುಕೊಡುವಂತಿಲ್ಲ ಎಂದು 2004ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ತೀರ್ಮಾನವಾಗಿದೆ. ಮುಸ್ಲಿಮರಲ್ಲಿ ಬಾಯಿಮಾತಿನ ವಿಲ್ ಕೂಡ ನಡೆಯುತ್ತದೆ, ಆದರೆ ಉಳಿದ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗ ಮೀರುವಂತಿಲ್ಲ. ಬ್ಯಾಂಕಿನ ಅಥವಾ ಷೇರಿನ ನಾಮಿನಿ ಮಾಲೀಕನಲ್ಲ, ಹಣ ಕೈಗೆ ತೆಗೆದುಕೊಳ್ಳುವವನಷ್ಟೇ. 2023ರ ಡಿಸೆಂಬರಿನಲ್ಲಿ ಷೇರುಗಳ ವಿಷಯದಲ್ಲೂ ಇದು ಇತ್ಯರ್ಥವಾಯಿತು.

ಕೋರ್ಟಿಗೆ ಮುಂಚೆ ತಾಲ್ಲೂಕು ಕಚೇರಿಯಿದೆ. ವಿಲ್ ಹಿಡಿದವರು ಮೊದಲು ಓಡುವುದು ಖಾತೆ ಬದಲಿಗೆ. ಖಾತೆ, ಪಹಣಿ ಹಕ್ಕು ಕೊಡುವುದಿಲ್ಲ; ವಿಲ್ ಬಗ್ಗೆ ವಿವಾದವಿದ್ದರೆ ಅದು ಸಿವಿಲ್ ನ್ಯಾಯಾಲಯದಲ್ಲೇ ತೀರಬೇಕು, ತಹಶೀಲ್ದಾರರ ಮುಂದಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಮ್ಮೆ ಹೇಳಿದೆ. ಆದರೆ ಸಮಯಕ್ಕೆ ತಕರಾರು ಅರ್ಜಿ ಕೊಡದಿದ್ದರೆ ಖಾತೆ ಬದಲಾಗುತ್ತದೆ, ಅದರ ಮೇಲೆ ಸಾಲ ಎತ್ತಲಾಗುತ್ತದೆ, ಸೈಟು ಮೂರನೆಯವರಿಗೆ ಮಾರಾಟವಾಗುತ್ತದೆ. ಆಮೇಲೆ ಜಗಳ ಅಣ್ಣನೊಂದಿಗೆ ಮಾತ್ರ ಉಳಿಯುವುದಿಲ್ಲ.

ಕಾಲಮಿತಿಯೂ ಕಾಯುತ್ತಿರುತ್ತದೆ. ಪ್ರೊಬೇಟ್ ಕೇಳುವುದಕ್ಕೂ ಕೊಟ್ಟ ಪ್ರೊಬೇಟ್ ರದ್ದು ಮಾಡಿಸುವುದಕ್ಕೂ, ಹಕ್ಕು ಹುಟ್ಟಿದ ದಿನದಿಂದ ಮೂರು ವರ್ಷ. ಮಂಗಳೂರು ಕಡೆಯ ಕುಟುಂಬವೊಂದರಲ್ಲಿ 1960ರಲ್ಲಿ ಸಿಕ್ಕಿದ್ದ ಪ್ರೊಬೇಟ್ ರದ್ದು ಮಾಡಿ ಎಂದು 1996ರಲ್ಲಿ ಮಗಳು ಕೋರ್ಟಿಗೆ ಹೋದರು. ಪ್ರೊಬೇಟ್ ಆದಾಗ ಆಕೆ ಅಪ್ರಾಪ್ತೆ. ಆದರೂ ಪ್ರಾಪ್ತ ವಯಸ್ಸಿಗೆ ಬಂದು ದಶಕಗಳೇ ಕಳೆದಿದ್ದವು. 2017ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು.

ಆದ್ದರಿಂದ ಮನೆಯಲ್ಲಿ ವಿಲ್ ಹೊರಬಂದ ದಿನ ಕೂಗಾಡುವುದನ್ನು ಬಿಟ್ಟು ಅದರ ನಕಲು ಕೇಳಿ. ನೋಂದಾಯಿತವಾಗಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ಪ್ರತಿ ಪಡೆಯಿರಿ. ಸಾಕ್ಷಿಗಳು ಯಾರು, ಬದುಕಿದ್ದಾರೆಯೇ, ಎಲ್ಲಿದ್ದಾರೆ ಎಂದು ಬರೆದಿಟ್ಟುಕೊಳ್ಳಿ. ಆಸ್ಪತ್ರೆಯ ದಾಖಲೆ ಕಳೆದುಹೋಗುವ ಮೊದಲು ತರಿಸಿಕೊಳ್ಳಿ. ಖಾತೆಗೆ ತಕರಾರು ಹಾಕಿ. ಯಾರೋ ಚಾಚಿದ ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಮಾಡಬೇಡಿ. ಆ ಸಹಿ ಸುಳ್ಳೆಂದು ಹೇಳಲು ನೀವು ಬದುಕಿರುತ್ತೀರಿ, ನಿಮ್ಮನ್ನು ಯಾರೂ ನಂಬುವುದಿಲ್ಲ.